ಹಿಂಬದಿಯ ಗೆರೆ

ಝೆನೆಕ್ ಕಾರ್ಖಾನೆ ಬಿಟ್ಟ ಸುದ್ದಿ ಅವನಪ್ಪನಿಗೆ ತಿಳಿದದ್ದು ಚರ್ಚಿನ ಮೆಟ್ಟಿಲ ಮೇಲೆ, ಅದೂ ಮಾಂಸದಂಗಡಿಯವನ ಬಾಯಿಂದ.

"ಏನು ವಾಲೆಂಟಿ, ನಿನ್ನ ಮಗ ಆಟದ ಸಾಮಾನಿನ ಅಂಗಡೀಲಿ ನಿಂತಿದ್ದಾನೆ? ಕಾರ್ಖಾನೆಗೆ ರಜಾನಾ?"

ವಾಲೆಂಟಿ ಗ್ರೊಖಾಲ್ "ಹೂಂ, ರಜ" ಎಂದು ಹೇಳಿ ಮನೆಗೆ ಬಂದ. ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಹೆಂಡತಿ ಬ್ರೋನ್ಯಾಳಿಗೆ ಗೊತ್ತಿತ್ತು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡುವ ಮಗಳು ಇರೆನಾಳಿಗೆ ಗೊತ್ತಿತ್ತು. ಒಂದು ಕಿವಿ ಕೇಳದ ಅವನ ತಾಯಿಗೂ ಗೊತ್ತಿತ್ತು.

"ಹೇಳಿದ್ರೆ ಕೂಗಾಡ್ತೀಯ ಅಂತ ಹೇಳಲಿಲ್ಲ," ಎಂದಳು ಬ್ರೋನ್ಯಾ, ಎಲೆಕೋಸಿನ ಸಾರು ಬಡಿಸುತ್ತಾ.

"ಹೇಳದೇ ಇದ್ರೆ ಕೂಗಾಡಲ್ವಾ?"

"ಈಗ ಕೂಗಾಡ್ತಿದ್ದೀಯ, ಸರಿ. ಆದ್ರೆ ಇಷ್ಟು ದಿನ ನೆಮ್ಮದಿಯಾಗಿ ಊಟ ಮಾಡಿದ್ವಲ್ಲ."

ಅಜ್ಜಿ ಬ್ರೆಡ್ಡು ಅದ್ದಿಕೊಳ್ಳುತ್ತಾ ನಕ್ಕಳು. ವಾಲೆಂಟಿ ನಗಲಿಲ್ಲ. ಇಪ್ಪತ್ತಮೂರರ ಗಂಡುಮಗ ಬಾಗಿಲು ಜೋಡಿಸುವ ಸಾಲಿನಲ್ಲಿ ಒಂದು ಚಳಿಗಾಲ ನಿಲ್ಲಲಾರದೆ, ಮನೆಯಲ್ಲಿ ಜೋಡಿಸಿಕೊಳ್ಳುವ ಪ್ಲಾಸ್ಟಿಕ್ ಕಾರಿನ ಡಬ್ಬಗಳನ್ನು ಮಾರಲು ಹೋದ ಎಂದರೆ ಡೆಟ್ರಾಯಿಟ್‌ನ ನಮ್ಮ ಪೋಲಿಷ್ ಬೀದಿಯಲ್ಲಿ ಯಾವ ತಂದೆಗೂ ನಗು ಬರುತ್ತಿರಲಿಲ್ಲ. ಅದು ೧೯೬೪ರ ಜನವರಿ. ಬೀದಿಯ ಗಂಡಸರೆಲ್ಲ ಒಂದಲ್ಲ ಒಂದು ಕಂಪನಿಗೆ ಕಾರು ಕಟ್ಟುವವರೇ.

ಅವರಲ್ಲೂ ವಾಲೆಂಟಿಯ ಕೆಲಸ ಬೇರೆ. ಅವನು ಮುಚ್ಚಿದ ಕೋಣೆಯವನು. ಇನ್ನೂ ಹುಟ್ಟದ ಕಾರನ್ನು ಮೊದಲು ಪೂರ್ತಿ ಗಾತ್ರದಲ್ಲಿ ಜೇಡಿಮಣ್ಣಿನಿಂದ ಮಾಡುವ ಕೋಣೆ ಅದು. ಕಿಟಕಿಯ ಗಾಜಿಗೆಲ್ಲ ಬಣ್ಣ ಬಳಿದಿದ್ದರು, ಬಾಗಿಲಲ್ಲಿ ಕಾವಲಿತ್ತು. ಬಿಸಿ ಮಾಡಿದ ಮಣ್ಣನ್ನು ಮೆತ್ತಿ, ಹೆರೆದು, ಬೆರಳಲ್ಲಿ ಸವರಿ, ಮತ್ತೆ ಹೆರೆಯುವುದು ಅವನ ಕಸುಬು. ಆ ಕೋಣೆಯವರು ಹೊರಗೆ ಏನೂ ಹೇಳುವುದಿಲ್ಲ ಎಂದು ಆಣೆ ಮಾಡಿ ಸಹಿ ಹಾಕಿದವರು. ನಮ್ಮಲ್ಲಿ ಅವರನ್ನು ಯಾರೂ ಕೇಳುತ್ತಿರಲಿಲ್ಲ. ಬಿಯರ್ ಅಂಗಡಿಯಲ್ಲಿ ಮುಂದಿನ ವರ್ಷದ ಕಾರಿನ ಮಾತು ಬಂದರೆ ಅವರು ತಮ್ಮ ಲೋಟದೊಳಗೆ ನೋಡುತ್ತಿದ್ದರು; ನಾವೂ ಮಾತು ಬದಲಿಸುತ್ತಿದ್ದೆವು. ವಾಲೆಂಟಿ ಮನೆಗೆ ಬಂದರೆ ಪ್ಯಾಂಟಿನ ಮಡಿಕೆಯಿಂದ ಕಂದು ಮಣ್ಣಿನ ಚೂರು ಉದುರುತ್ತಿತ್ತು. ಬ್ರೋನ್ಯಾ ಅದನ್ನು ಗುಡಿಸುತ್ತಿದ್ದಳು, ಕೇಳುತ್ತಿರಲಿಲ್ಲ. ಮದುವೆಯಾದಾಗಿನಿಂದ ಕೇಳಿರಲಿಲ್ಲ.

ಮಗನೊಂದಿಗೆ ಮಾತು ನಿಂತಿತು. ಝೆನೆಕ್ ಅಂಗಡಿಯಿಂದ ಬಂದು, ಊಟವಾದ ಮೇಲೆ ಅಡುಗೆಮನೆ ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ ತನ್ನ ಕಾರು ಹರಡಿಕೊಳ್ಳುತ್ತಿದ್ದ. ಈಸ್ಟರ್ ಕಳೆದ ಮೇಲೆ ಅಂಗಡಿಯಲ್ಲಿ ಸ್ಪರ್ಧೆಯಿತ್ತು. ಡಬ್ಬದಲ್ಲಿ ಬಂದ ಕಾರನ್ನು ಹಾಗೇ ಜೋಡಿಸಿದರೆ ಅದು ಲೆಕ್ಕಕ್ಕಿಲ್ಲ. ಕತ್ತರಿಸಬೇಕು, ಚಾವಣಿ ತಗ್ಗಿಸಬೇಕು, ಪುಟ್ಟಿ ಮೆತ್ತಿ ಹೊಸ ಮೈ ಕೊಡಬೇಕು. ಝೆನೆಕ್ ಎಂಜಿನ್ನಿಗೆ ಅಮ್ಮನ ಕಪ್ಪು ದಾರದಿಂದ ತಂತಿ ಎಳೆದಿದ್ದ. ಅವಳ ಗುಂಡುಸೂಜಿಯ ತಲೆಗಳು ಬಾಗಿಲ ಹಿಡಿಗಳಾಗಿದ್ದವು.

"ಊಟಕ್ಕೆಲ್ಲ ಗೋಂದಿನ ವಾಸನೆ," ಎಂದಳು ಇರೆನಾ. "ನಿನ್ನೆ ಆಲೂಗಡ್ಡೆ ತಿಂದ್ನೋ ಟೈರ್ ತಿಂದ್ನೋ ಗೊತ್ತಾಗಲಿಲ್ಲ."

"ನೀನು ತಿಂದ ರಭಸಕ್ಕೆ ಏನು ತಿಂದೆ ಅಂತ ನಮಗೂ ಗೊತ್ತಾಗಲಿಲ್ಲ," ಎಂದ ಝೆನೆಕ್.

"ಅಪ್ಪಾ, ನೋಡು ಇವನ್ನ."

"ನನಗೇನು ಹೇಳಬೇಡ. ಈ ಮನೇಲಿ ನನಗೆ ಕೊನೇಲಿ ಹೇಳೋದು ಪದ್ಧತಿ," ಎಂದು ವಾಲೆಂಟಿ ಸಿಗರೇಟು ಹಚ್ಚಿಕೊಂಡು ಮುಂಬಾಗಿಲ ಕೋಣೆಗೆ ಹೋದ.

ಫೆಬ್ರವರಿಯ ಒಂದು ಬುಧವಾರ ತಪಸ್ಕಾಲ ಶುರುವಾಯಿತು. ಈಸ್ಟರ್ ತನಕ ಒಬ್ಬೊಬ್ಬರೂ ತಮಗೆ ಇಷ್ಟವಾದ ಒಂದನ್ನು ಬಿಡಬೇಕು. ಇರೆನಾ ಚಾಕಲೇಟು ಬಿಟ್ಟಳು. ಅಜ್ಜಿ ಪಕ್ಕದ ಮನೆಯವಳ ಸುದ್ದಿ ಆಡುವುದನ್ನು ಬಿಡುತ್ತೇನೆಂದು ಹೇಳಿ ಭಾನುವಾರದ ತನಕ ತಡೆದಳು. ವಾಲೆಂಟಿ ಪ್ರತಿ ವರ್ಷದಂತೆ ಸಿಗರೇಟು ಬಿಟ್ಟ. ಸಿಗರೇಟು ಬಿಟ್ಟರೆ ಅವನಿಗೆ ಸಂಜೆ ಕೈ ಎಲ್ಲಿಡಬೇಕೆಂದು ತಿಳಿಯುತ್ತಿರಲಿಲ್ಲ. ಹಿಂದಿನ ವರ್ಷಗಳಲ್ಲಿ ಸರಿಯಾಗಿದ್ದ ನಲ್ಲಿಗಳನ್ನು ಬಿಚ್ಚಿ ಜೋಡಿಸಿದ್ದುಂಟು.

ಆ ಮೊದಲ ವಾರವೇ, ಚಹಾ ಕುಡಿಯುವ ನೆಪದಲ್ಲಿ ಮಗನ ಬೆನ್ನ ಹಿಂದೆ ನಿಂತ.

"ಇದೇನೋ ಹಿಂದೆ ಇಷ್ಟು ದಪ್ಪ? ಕಾರಾ, ಕುಂಬಳಕಾಯಾ?"

"ಹಾಗಾದ್ರೆ ನೀನು ತೋರಿಸಪ್ಪ."

"ನನಗೇನು ಗೊತ್ತು ಆಟದ ಸಾಮಾನು."

"ಗೊತ್ತಿಲ್ಲದಿದ್ರೆ ಬಿಡು."

ವಾಲೆಂಟಿ ಕುರ್ಚಿ ಎಳೆದುಕೊಂಡು ಕೂತ. ಕಾರು ಅವನ ಅಂಗೈಯಲ್ಲಿ ಸೋಪಿನ ಬಿಲ್ಲೆಯಷ್ಟಿತ್ತು. ಉಪ್ಪುಕಾಗದ ಒದ್ದೆ ಮಾಡಿ ಬೆರಳಿಗೆ ಸುತ್ತಿಕೊಂಡು ಪುಟ್ಟಿಯನ್ನು ಉಜ್ಜತೊಡಗಿದ. ಸ್ವಲ್ಪ ಹೊತ್ತಾದ ಮೇಲೆ ಕಣ್ಣು ಮುಚ್ಚಿಕೊಂಡು ಹೆಬ್ಬೆರಳಿಂದ ಸವರಿದ.

"ನೋಡಬೇಡ, ಸವರು. ಇಲ್ಲಿ ಉಬ್ಬಿದೆ, ಸಿಕ್ಕಿತಾ?"

"ಎಲ್ಲಿ?"

"ನಿನ್ನ ಕೈ ಕೊಡು. ಇಲ್ಲಿ."

ಬ್ರೋನ್ಯಾ ಪಾತ್ರೆ ತೊಳೆಯುತ್ತಿದ್ದವಳು ನಲ್ಲಿಯ ಸದ್ದು ಕಡಿಮೆ ಮಾಡಿದಳು.

ಅಲ್ಲಿಂದ ಮುಂದೆ ದಿನಾ ಸಂಜೆ ತಂದೆ ಮಗ ಮೇಜಿನ ಎರಡು ಬದಿ. ಬಣ್ಣಕ್ಕೆ ಮೊದಲ ಲೇಪ ಹಾಕಿ ಅದನ್ನು ಟೂತ್‌ಪೇಸ್ಟಿನಿಂದ ಉಜ್ಜಿದರೆ ನುಣುಪಾಗುತ್ತದೆಂದು ಝೆನೆಕ್ ತೋರಿಸಿದಾಗ ವಾಲೆಂಟಿ ಹೊಟ್ಟೆ ತುಂಬ ನಕ್ಕ. ಮರುದಿನ ಬೆಳಿಗ್ಗೆ ಮನೆಯಲ್ಲಿ ಯಾರಿಗೂ ಹಲ್ಲುಜ್ಜಲು ಪೇಸ್ಟು ಇರಲಿಲ್ಲ. ಕೋಣೆಯಲ್ಲಿ ಮಣ್ಣು ಕಾಯಿಸುವ ಹದ, ಹೆರೆಯುವ ಉಳಿಗಳನ್ನು ತಾವೇ ಮಾಡಿಕೊಳ್ಳುವ ರೀತಿ, ಇಂಥವನ್ನು ವಾಲೆಂಟಿ ಹೇಳಿದ. ಅದು ಎಲ್ಲ ಕಂಪನಿಯಲ್ಲೂ ಒಂದೇ, ಗುಟ್ಟಲ್ಲ. ಕಾರುಗಳ ಬಗ್ಗೆ ಒಂದು ಮಾತೂ ಆಡಲಿಲ್ಲ. ಮಗನೂ ಕೇಳಲಿಲ್ಲ. "ಹಿಂಬದಿ ನೀನು ಮಾಡಪ್ಪ, ನನ್ನ ಕೈಗೆ ಬರಲ್ಲ" ಎನ್ನುತ್ತಿದ್ದ, ಅಷ್ಟೇ.

"ನಿನ್ನ ಮೊಮ್ಮಗನಿಗೆ ಕೈ ಇದೆ ಅಮ್ಮಾ," ಎಂದು ವಾಲೆಂಟಿ ಒಂದು ದಿನ ಅಜ್ಜಿಯ ಕೇಳುವ ಕಿವಿಯಲ್ಲಿ ಹೇಳಿದ.

"ಕೈ ಎಲ್ಲರಿಗೂ ಇರುತ್ತೆ. ಸಂಬಳ ಇದೆಯಾ ಕೇಳು," ಎಂದಳು ಅಜ್ಜಿ.

ತಪಸ್ಕಾಲದ ಶುಕ್ರವಾರಗಳಲ್ಲಿ ಮಾಂಸವಿಲ್ಲ. ಬ್ರೋನ್ಯಾ ಆ ದಿನ ಒಣ ಅಣಬೆ, ಹುಳಿ ಎಲೆಕೋಸು ತುಂಬಿದ ಪಿಯೆರೋಗಿ ಕಡುಬು ಬೇಯಿಸಿ, ಬೆಣ್ಣೆಯಲ್ಲಿ ಬಾಡಿಸಿದ ಈರುಳ್ಳಿ ಸುರಿದು ಕೊಡುತ್ತಿದ್ದಳು. ಅಣಬೆ ದುಬಾರಿ; ಆ ಕಡುಬು ಮನೆಯಲ್ಲಿ ಆಗುತ್ತಿದ್ದದ್ದು ಆ ಶುಕ್ರವಾರಗಳಲ್ಲಿ ಮಾತ್ರ. ಒಂದು ಶುಕ್ರವಾರ ತಟ್ಟೆಯಲ್ಲಿ ಎಂದಿನಷ್ಟು ಇರಲಿಲ್ಲ.

"ಇವತ್ತು ಕಮ್ಮಿ ಇದೆಯಲ್ಲ," ಎಂದ ವಾಲೆಂಟಿ.

"ಹಿಟ್ಟು ಸಾಲಲಿಲ್ಲ," ಎಂದಳು ಬ್ರೋನ್ಯಾ.

ಈಸ್ಟರ್ ಬಂತು, ಹ್ಯಾಮ್ ಬಂತು, ಸಿಗರೇಟೂ ವಾಪಸು ಬಂತು. ಆದರೂ ವಾಲೆಂಟಿ ಮೇಜು ಬಿಡಲಿಲ್ಲ. ಬಣ್ಣದ ಕೊನೆಯ ಲೇಪಗಳನ್ನು ಮಾತ್ರ ಝೆನೆಕ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಹಾಕಿದ: ಕೆಳಗೆ ಚಿನ್ನದ ಬಣ್ಣ, ಮೇಲೆ ತೆಳ್ಳಗೆ ಕೆಂಪು, ಸಕ್ಕರೆ ಪಾಕದ ಹಾಗೆ.

ಸ್ಪರ್ಧೆಯ ಶನಿವಾರ ವಾಲೆಂಟಿ ಚರ್ಚಿಗೆ ಹಾಕುವ ಕೋಟು ಹಾಕಿಕೊಂಡು ಹೋದ. ಬಿಳಿ ಬಟ್ಟೆ ಹಾಸಿದ ಉದ್ದದ ಮೇಜಿನ ಮೇಲೆ ಕಾರುಗಳ ಸಾಲು, ಮೇಲೆ ಟ್ಯೂಬ್‌ಲೈಟು. ಝೆನೆಕ್‌ನ ಕಾರಿಗೆ ಮೊದಲ ಬಹುಮಾನದ ನೀಲಿ ಪಟ್ಟಿ ಬಿದ್ದಿತ್ತು. ವಾಲೆಂಟಿ ಹತ್ತಿರ ಹೋದವನು ಅಲ್ಲೇ ನಿಂತ.

ಪುಟ್ಟಿ ಬೂದು ಬಣ್ಣದ್ದು; ಅದರಲ್ಲಿ ಬೆಳಕು ಓಡುವುದಿಲ್ಲ. ಈಗ ಬಣ್ಣದ ಮೇಲೆ ದೀಪದ ಬೆಳಕು ಒಂದು ಗೆರೆಯಾಗಿ ಬಾಗಿಲಿನಿಂದ ಹರಿದು, ಹಿಂದಿನ ಚಕ್ರದ ಮೇಲೆ ಸ್ವಲ್ಪ ಎದ್ದು, ಕಾರಿನ ಹಿಂಬದಿಯ ದೀಪ ಮುಟ್ಟುವ ಮೊದಲೇ ಮಾಯವಾಗುತ್ತಿತ್ತು. ಚಾವಣಿ ಆ ಗೆರೆಯೊಳಗೆ ಇಳಿಯುತ್ತಿತ್ತು. ಆ ಗೆರೆಯನ್ನು ಅವನು ಮುಚ್ಚಿದ ಕೋಣೆಯಲ್ಲಿ ಒಂದು ವರ್ಷದಿಂದ ಹೆರೆಯುತ್ತಿದ್ದ. ಹಗಲೆಲ್ಲ ಮಾಡಿದ್ದನ್ನು ಕೈ ಸಂಜೆಯೂ ಮಾಡಿತ್ತು. ಕಣ್ಣು ಮುಚ್ಚಿಕೊಂಡು ಸವರುತ್ತಿದ್ದವನಿಗೆ ಅದು ಕಂಡಿರಲಿಲ್ಲ.

"ಝೆನೆಕ್, ಆ ಕಾರು ತೆಗಿ."

"ಯಾಕಪ್ಪ? ಮೊದಲನೇ ಬಹುಮಾನ."

"ತೆಗಿ ಅಂದೆ."

"ಯಾಕೆ ಅಂತ ಹೇಳು."

ಯಾಕೆ ಎಂದು ಹೇಳಿದರೆ ಆಣೆ ಅಲ್ಲೇ ಮುರಿಯುತ್ತಿತ್ತು. "ಹಿಂದಿನ ಗೆರೆ ಸರಿಯಾಗಿಲ್ಲ," ಎಂದ ವಾಲೆಂಟಿ.

"ನೀನೇ ಮಾಡಿದ್ದು," ಎಂದ ಮಗ. ಹಾಗೆ ಹೇಳುವಾಗ ಅವನು ಅಪ್ಪನ ಮುಖ ನೋಡಲಿಲ್ಲ. ವಾಲೆಂಟಿ ಅದನ್ನು ಗಮನಿಸುವ ಸ್ಥಿತಿಯಲ್ಲಿರಲಿಲ್ಲ.

ಕಾರನ್ನು ಕಿಟಕಿಯಲ್ಲಿಡುತ್ತೇವೆಂದು ಅಂಗಡಿಯವರು ಹೇಳಿದರು. ವಾಲೆಂಟಿ ಒಪ್ಪದೆ, ಎಲ್ಲರೆದುರು ಅದನ್ನು ಬೂಟಿನ ಪೆಟ್ಟಿಗೆಯಲ್ಲಿಟ್ಟು ಕಂಕುಳಲ್ಲಿ ಹಿಡಿದು ಮನೆಗೆ ತಂದ. ಆ ವಾರ ಅವನಿಗೆ ಊಟ ಸೇರಲಿಲ್ಲ. ಸಾಸೇಜು ತಟ್ಟೆಯಲ್ಲೇ ಆರುತ್ತಿತ್ತು. ಯಾರು ಯಾರು ನೋಡಿದರು, ಯಾವ ಕಂಪನಿಯವನ ಮಗ ಅಲ್ಲಿದ್ದ ಎಂದು ಯೋಚಿಸುತ್ತಾ ಕೂರುತ್ತಿದ್ದ. ಗುರುವಾರ ಬ್ರೋನ್ಯಾಳ ಪಕ್ಕ ನಿಂತು ತಟ್ಟೆ ಒರೆಸುತ್ತಾ, ಎಂದೂ ಇಲ್ಲದವನು ಬಾಯಿಬಿಟ್ಟ.

"ಬ್ರೋನ್ಯಾ, ನಾನೊಂದು ತಪ್ಪು ಮಾಡಿಬಿಟ್ಟಿದ್ದೀನಿ."

"ಎಂಥ ತಪ್ಪು? ನೀನೇನು ಕಳ್ಳತನ ಮಾಡಿದ್ಯಾ?"

"ಮಾಡಿದ ಹಾಗೇ. ಕೆಲಸ ಹೋಗಬಹುದು."

"ಏನೂ ಆಗಲ್ಲ. ಸುಮ್ನೆ ತಲೆ ಕೆಡಿಸ್ಕೋಬೇಡ," ಎಂದು ಅವಳು ಅವನ ಕೈಯಿಂದ ತಟ್ಟೆ ತೆಗೆದುಕೊಂಡಳು. ಏನು ಮಾಡಿದೆ ಎಂದು ಕೇಳಲಿಲ್ಲ. ಅವಳು ಯಾವತ್ತೂ ಕೇಳುವವಳಲ್ಲವಲ್ಲ ಎಂದುಕೊಂಡು ಅವನು ಸಮಾಧಾನಪಟ್ಟ.

ಭಾನುವಾರ ಊಟಕ್ಕೆ ಅತಿಥಿ ಬರುತ್ತಾರೆಂದು ಝೆನೆಕ್ ಹೇಳಿದ. ಪ್ಲಾಸ್ಟಿಕ್ ಕಾರಿನ ಡಬ್ಬಗಳನ್ನು ಮಾಡುವ ಕಂಪನಿಯ ಡೌಲಿಂಗ್ ಎಂಬಾತ, ಶಿಕಾಗೋ ಕಡೆಯವನು. ಸ್ಪರ್ಧೆಯ ಸುದ್ದಿ ಕೇಳಿ ತನಗೆ ಮಾದರಿ ಮಾಡುವ ಕೆಲಸ ಕೊಡಲು ಬರುತ್ತಿದ್ದಾರೆ, ಎಂದ. ಬ್ರೋನ್ಯಾ ಕೋಳಿ ಸಾರು, ಹಂದಿಮಾಂಸದ ಹುರಿದ ತುಂಡು, ಸೌತೆಕಾಯಿ ಮಾಡಿದಳು. ಡೌಲಿಂಗ್ ತೆಳ್ಳಗಿನ, ನಗುಮುಖದ ಮನುಷ್ಯ. ಒಳ್ಳೆಯ ಬೂಟು ಹಾಕಿದ್ದ. ವಾಲೆಂಟಿಯ ಕೈ ಕುಲುಕಿ, "ನಿಮ್ಮನ್ನ ನೋಡಬೇಕು ಅಂತ ಬಹಳ ಆಸೆ ಇತ್ತು" ಎಂದ.

ಸಾರು ಮುಗಿಯಿತು. ಮಾಂಸ ಬಂತು. ಡೌಲಿಂಗ್ ಮೇಜಿನ ಉದ್ದಗಲ ನೋಡಿ ಬ್ರೋನ್ಯಾಳ ಕಡೆ ತಿರುಗಿ ನಕ್ಕ.

"ಅಮ್ಮಾ, ಆ ಅಣಬೆ ಕಡುಬು ಇಲ್ವಾ ಇವತ್ತು? ದಾರಿಯುದ್ದಕ್ಕೂ ಅದನ್ನೇ ನೆನೆಸಿಕೊಂಡು ಬಂದೆ."

ಅಜ್ಜಿಯ ಗಮನ ಬೇರೆಡೆ ಸೆಳೆಯಲು ಇರೆನಾ ಅವಳಿಗೆ ಬ್ರೆಡ್ಡು ಕೊಡುವಂತೆ ಬಾಗಿದಳು. ಆದರೆ ಅಜ್ಜಿಗೆ ಕೇಳಿಸಿತ್ತು.

"ಇವನೇ ಅಲ್ವೇನೇ ಅವತ್ತು ಬಂದಿದ್ದು?" ಎಂದಳು ಪೋಲಿಷ್‌ನಲ್ಲಿ. "ನಿನ್ನನ್ನ ನೋಡೋಕೆ ಬಂದಿದ್ದಾನೆ ಅಂದ್ಕೊಂಡಿದ್ದೆ ಇರೆನಾ. ಬೂಟು ಚೆನ್ನಾಗಿದೆ, ವಯಸ್ಸಾಯ್ತು ಅಷ್ಟೆ, ಅಂದ್ಕೊಂಡೆ."

ವಾಲೆಂಟಿ ಫೋರ್ಕು ಕೆಳಗಿಟ್ಟ. "ಅಣಬೆ ಕಡುಬು ಶುಕ್ರವಾರದ್ದು," ಎಂದ ನಿಧಾನವಾಗಿ. "ತಪಸ್ಕಾಲದ ಶುಕ್ರವಾರ. ಹಿಟ್ಟು ಸಾಲಲಿಲ್ಲ ಅಂದೆ ನೀನು."

"ವಾಲೆಕ್, ಊಟ ಮಾಡು. ಆಮೇಲೆ ಮಾತಾಡೋಣ," ಎಂದು ಬ್ರೋನ್ಯಾ ಗಂಡನ ಮುದ್ದಿನ ಹೆಸರು ಹಿಡಿದು ಹೇಳಿದಳು.

"ಎಷ್ಟು ದಿನದಿಂದ ಗೊತ್ತು ಈ ಮನುಷ್ಯ?"

ಉತ್ತರ ಕೊಟ್ಟವನು ಝೆನೆಕ್. "ಕ್ರಿಸ್ಮಸ್ ಮುಂಚೆ ಅಂಗಡಿಗೆ ಬಂದಿದ್ರು. ಅಂಗಡೀಲಿ ಇಲ್ಲದ್ದು, ರಸ್ತೇಲಿ ಇಲ್ಲದ್ದು ಏನಾದ್ರೂ ಮಾಡಿ ತೋರಿಸು, ಕೆಲಸ ಕೊಡ್ತೀನಿ ಅಂದ್ರು. ನಿಮ್ಮ ತಂದೆ ಎಲ್ಲಿ ಕೆಲಸ ಮಾಡೋದು ಅಂತಾನೂ ಕೇಳಿದ್ರು."

"ನೀನು ಹೇಳಿದೆ."

"ಹೇಳಿದೆ."

"ಆಮೇಲೆ ನನ್ನ ಮುಂದೆ ಕುಂಬಳಕಾಯಿ ಮಾಡ್ಕೊಂಡು ಕೂತೆ."

ಬ್ರೋನ್ಯಾ ಕೈ ಒರೆಸಿಕೊಂಡು ನಡುವೆ ಬಂದಳು.

"ಅವನನ್ನ ಬೈಬೇಡ. ನಾನೇ ಹೇಳಿದ್ದು. ಈಗ ಕರೆದ್ರೆ ನಿಮ್ಮಪ್ಪ ಕೂರಲ್ಲ ಕಣೋ, ತಪಸ್ಕಾಲ ಬರಲಿ, ಸಿಗರೇಟು ಬಿಡ್ತಾನೆ, ಕೈ ಖಾಲಿ ಇರುತ್ತೆ, ತಾನಾಗೇ ಬರ್ತಾನೆ ಅಂದೆ. ಬಂದೆ ತಾನೆ? ಅಪ್ಪ ಮಗ ಒಂದು ಮೇಜಲ್ಲಿ ಕೂರಲಿ ಅಂತ ನನಗೂ ಆಸೆ ಇರಲ್ವಾ? ಅವನಿಗೂ ಒಂದು ದಾರಿ ಆಗುತ್ತೆ, ನಿಮಗೂ ಮಾತು ಬರುತ್ತೆ. ಯಾರಿಗೆ ಏನು ನಷ್ಟ?"

"ಗುರುವಾರ ನಿನ್ನ ಪಕ್ಕ ನಿಂತು ಹೇಳಿದೆ. ತಪ್ಪು ಮಾಡಿದ್ದೀನಿ ಅಂದೆ. ಗೊತ್ತಿದ್ದೂ ತಟ್ಟೆ ತಗೊಂಡೆ."

"ಏನು ಹೇಳಬೇಕಿತ್ತು?"

"ನಿನ್ನ ತಪ್ಪಲ್ಲ ಅಂತ ಹೇಳಬಹುದಿತ್ತು."

ವಾಲೆಂಟಿ ಎದ್ದು ಅಲಮಾರಿನ ಮೇಲಿಂದ ಬೂಟಿನ ಪೆಟ್ಟಿಗೆ ಇಳಿಸಿದ. ಕಾರನ್ನು ತೆಗೆದುಕೊಂಡು ಪಾತ್ರೆ ತೊಳೆಯುವಲ್ಲಿಗೆ ಹೋದ. ನಲ್ಲಿ ಬಿಟ್ಟು, ಒರಟು ಉಪ್ಪುಕಾಗದ ಹಿಡಿದು ಉಜ್ಜತೊಡಗಿದ. ಕೆಂಪು ಹೋಯಿತು, ಚಿನ್ನ ಹೋಯಿತು, ಬೂದು ಪುಟ್ಟಿ ಹಾಲಿನ ಹಾಗೆ ಕರಗಿ ನೀರಿನೊಡನೆ ಹೋಯಿತು. ಎಲ್ಲರೂ ಅವನ ಬೆನ್ನು ನೋಡುತ್ತಾ ಕೂತಿದ್ದರು. ಮಾಂಸ ಆರಿ ಕೊಬ್ಬು ಬೆಳ್ಳಗೆ ಹೆಪ್ಪುಗಟ್ಟಿತು. ಪ್ಲಾಸ್ಟಿಕ್ ತೂತಾಗಿ ಒಳಗಿನ ಸೀಟು ಕಾಣುವ ತನಕ ಉಜ್ಜಿದ.

ಡೌಲಿಂಗ್ ಕೆಟ್ಟವನಲ್ಲ; ಮುದುಕ ಸುಮ್ಮನೆ ಸಂಕಟ ಪಡುತ್ತಿದ್ದಾನೆಂದು ಅವನಿಗೆ ಅನಿಸಿತು.

"ನೀವು ಅಷ್ಟು ಬೇಸರ ಮಾಡಿಕೊಳ್ಳಬೇಡಿ. ಅದು ಹಾಳಾದರೂ ಪರವಾಗಿಲ್ಲ. ಪುಟ್ಟಿ ಇದ್ದಾಗಲೇ ನಾವು ಅಚ್ಚು ತೆಗೆದುಕೊಂಡಿದ್ದೀವಿ. ಇಲ್ಲೇ, ಅಮ್ಮನ ಕೇಕ್ ಪಾತ್ರೆಯಲ್ಲೇ ಪ್ಲಾಸ್ಟರ್ ಕಲಸಿದ್ವಿ."

ವಾಲೆಂಟಿ ನಲ್ಲಿ ನಿಲ್ಲಿಸಿದ. ಕೈ ಒರೆಸಿಕೊಂಡು, ಕೋಟು ತೆಗೆದುಕೊಂಡು ಹೊರಗೆ ಹೋದ. ಬ್ರೋನ್ಯಾ ಕಿಟಕಿಯಿಂದ ನೋಡಿದಾಗ ಅವನು ಬೀದಿಯ ಆ ಕಡೆ ಬೇಲಿ ಹಿಡಿದು ನಿಂತಿದ್ದ.

ಸೋಮವಾರ ಅವನು ಕೋಣೆಯ ಮುಖ್ಯಸ್ಥ ಕೆಸ್ಲರನ ಬಳಿ ತಾನೇ ಹೋಗಿ ಹೇಳಿದ. ಮನೆಯಲ್ಲಿ ಇದು ತಿಳಿದದ್ದು ಸಂಜೆ ಊಟದ ಹೊತ್ತಿಗೆ. ಬೀಟ್‌ರೂಟ್ ಸಾರು ಬಡಿಸಿ ಯಾರೂ ತಿನ್ನದೆ ಕೂತಿದ್ದರು. ಅವನು ಮಾತ್ರ ತಿಂದ.

"ಕೆಲಸ?" ಎಂದಳು ಇರೆನಾ.

"ತೆಗೀಲಿಲ್ಲ. ಲಾರಿ ಅಂಗಳಕ್ಕೆ ಹಾಕಿದ್ದಾರೆ. ಕೋಣೆಯೊಳಗೆ ಬಿಡೋ ಚೀಟಿ ವಾಪಸು ಇಸ್ಕೊಂಡ್ರು."

"ನೀನು ಹೇಳದಿದ್ರೆ ಯಾರಿಗೂ ಗೊತ್ತಾಗ್ತಾನೇ ಇರಲಿಲ್ಲ," ಎಂದಳು ಬ್ರೋನ್ಯಾ. ಅಳು ಬಂದಿತ್ತು, ಸಿಟ್ಟೂ ಬಂದಿತ್ತು. "ಡಬ್ಬ ಅಂಗಡಿಗೆ ಬರೋ ಹೊತ್ತಿಗೆ ಕಾರೇ ರಸ್ತೇಲಿ ಇರ್ತಿತ್ತು."

"ಗೊತ್ತು."

"ಮತ್ತೆ?"

"ನನಗೆ ಗೊತ್ತಿತ್ತಲ್ಲ. ಆಮೇಲೆ ಆ ಕೋಣೇಲಿ ಹೇಗೆ ನಿಂತ್ಕೊಳ್ಳೋದು?"

ಝೆನೆಕ್ ತಟ್ಟೆ ದೂಡಿದ. "ಡೌಲಿಂಗ್ ಮಧ್ಯಾಹ್ನ ಅಂಗಡಿಗೆ ಫೋನ್ ಮಾಡಿದ್ರು. ನಿನ್ನ ಕಂಪನಿಯ ವಕೀಲರು ಮಾತಾಡಿದ್ರಂತೆ. ಕಾರು ಕಂಪನಿಗಳನ್ನ ಎದುರು ಹಾಕ್ಕೊಂಡು ನಾವು ಡಬ್ಬ ಮಾರೋಕಾಗಲ್ಲ ಅಂದ್ರು. ಅಚ್ಚು ಒಡೆದು ಹಾಕ್ತಾರಂತೆ. ನನ್ನ ಕೆಲಸ ಇಲ್ಲ. ನನ್ನ ಹೆಸರೂ ಹೇಳಿದ್ಯಾ ಅಪ್ಪಾ?"

"ಅವರು ಕೇಳಲಿಲ್ಲ. ಮಗನಿಗೋಸ್ಕರ ನಾನೇ ಮಾಡಿದೆ ಅಂದ್ಕೊಂಡ್ರು."

"ಕೇಳಿದ್ರೆ?"

"ಹೇಳ್ತಿದ್ದೆ."

ಬ್ರೋನ್ಯಾ ಬಾಯಿಗೆ ಏಪ್ರನ್ ಒತ್ತಿಕೊಂಡಳು. ಝೆನೆಕ್ ಸಣ್ಣ ದನಿಯಲ್ಲಿ ಹೇಳಿದ:

"ನಂಬಿದ್ರೆ ನಂಬು, ಬಿಟ್ರೆ ಬಿಡು, ಒಂದು ಮಾತು. ಮೊದಲು ಅದಕ್ಕೇ ಕೂತಿದ್ದು ನಿಜ. ಆದ್ರೆ ಒಂದೆರಡು ವಾರ ಆದಮೇಲೆ ಡೌಲಿಂಗು, ಕೆಲಸ, ಎಲ್ಲಾ ಮರೆತೇ ಹೋಗಿತ್ತು. ನಿನ್ನ ಜೊತೆ ಕೂರೋದೇ ಚೆನ್ನಾಗಿತ್ತು."

ವಾಲೆಂಟಿ ಚಮಚ ಇಟ್ಟು ಮೊದಲ ಸಲ ಮಗನ ಕಡೆ ನೋಡಿದ. ಅವನಿಗೆ ಅದು ನಿಜವಾಗಿರಬೇಕೆಂದು ಇತ್ತು. ಅದು ಅವನ ಮುಖದಲ್ಲಿ ಕಾಣುತ್ತಿತ್ತು.

"ಪ್ಲಾಸ್ಟರ್ ಕಲಸಿದ್ದು ಯಾವ ಶುಕ್ರವಾರ?"

ಝೆನೆಕ್ ಅಮ್ಮನ ಕಡೆ ನೋಡಿದ. ಬ್ರೋನ್ಯಾ ಸಾರಿನ ಪಾತ್ರೆ ನೋಡಿದಳು. ಅದು ತಪಸ್ಕಾಲದ ಕೊನೆಯ ಶುಕ್ರವಾರಗಳಲ್ಲಿ ಒಂದು; ಮಗ ಹೇಳಿದ ಒಂದೆರಡು ವಾರ ಯಾವಾಗಲೋ ಕಳೆದಿತ್ತು. ಆ ಸಂಜೆಯೂ ತಂದೆ ಮಗ ಮೇಜಿಗೆ ಕೂತಿದ್ದರು. ಕಾರಿಗೆ ಅಂಟಿದ್ದ ಬಿಳಿ ಪುಡಿಯನ್ನು ವಾಲೆಂಟಿ ಹಿಟ್ಟು ಎಂದುಕೊಂಡು ಊದಿದ್ದ.

"ಸಾರು ಆರ್ತಿದೆ," ಎಂದಳು ಅಜ್ಜಿ. ಎಲ್ಲರೂ ತಿಂದರು.

ಮಾರನೆಯ ಬೆಳಿಗ್ಗೆ ವಾಲೆಂಟಿ ಊಟದ ಡಬ್ಬ ಹಿಡಿದು ಎಂದಿನಂತೆ ಹೊತ್ತಿಗೆ ಮುಂಚೆ ಹೊರಟ. ಮುಚ್ಚಿದ ಕೋಣೆಯ ಮೂವರು ಒಂದೇ ಕಾರಿನಲ್ಲಿ ಹೋಗುವವರು, ನಮ್ಮ ಬೀದಿಯ ಮೂಲೆಯಲ್ಲಿ ಅವನನ್ನು ಹತ್ತಿಸಿಕೊಳ್ಳುವುದು ವರ್ಷಗಳ ರೂಢಿ. ಲಾರಿ ಅಂಗಳದ ಬಸ್ಸು ರಸ್ತೆಯ ಆ ಕಡೆ ನಿಲ್ಲುತ್ತದೆಂದು ಇರೆನಾ ಹೇಳಿದ್ದಳು. ಆದರೂ ಕಾಲು ಅವನನ್ನು ಮೂಲೆಗೇ ಕರೆದುಕೊಂಡು ಹೋಯಿತು. ಕಾರು ಬಂತು. ಒಳಗಿದ್ದವರು ನೇರ ಮುಂದೆ ನೋಡುತ್ತಿದ್ದರು. ವೇಗ ಕಡಿಮೆಯಾಗಲಿಲ್ಲ.

ಅಜ್ಜಿ ಬೆಳಗಿನ ಪ್ರಾರ್ಥನೆಗೆ ಹೊರಟವಳು ಮೆಟ್ಟಿಲ ಮೇಲೆ ನಿಂತು ಅದನ್ನು ನೋಡಿದಳು.

"ಏನೋ ವಾಲೆಕ್, ನಿಲ್ಲಿಸಲೇ ಇಲ್ಲ ಅವರು? ನೀನು ಕಾಣಲಿಲ್ಲವೇನೋ."

"ಅವರಿಗೆ ಕಂಡೆ ಅಮ್ಮಾ," ಎಂದು ಹೇಳಿ, ವಾಲೆಂಟಿ ಬಸ್ಸಿನ ಕಡೆಗೆ ರಸ್ತೆ ದಾಟಿದ.